ಗಾಳಿಯಲ್ಲಿ ಎರಡು ಸೆಕೆಂಡ್ ಕೈಕೊಟ್ಟ ಮಾಡೆಲ್ ವಿಮಾನ: ವಾಟ್ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಪ್ರಶ್ನೆ: ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಕ್ರಿಸ್ಟಲ್ ಹಾಕುವ ರೇಡಿಯೊ, ಮೆಥನಾಲ್ ಎಂಜಿನ್ ಇದ್ದ ಮಾಡೆಲ್ ವಿಮಾನ ಹಾರಿಸುತ್ತಿದ್ದೆ. ಬಹಳ ವರ್ಷಗಳ ಮೇಲೆ ಮಗಳ ಜೊತೆ ಮತ್ತೆ ಶುರು ಮಾಡಿದ್ದೇನೆ. ಈಗ ಇರುವುದು 1.2 ಮೀಟರ್ ರೆಕ್ಕೆಯ ಫೋಮ್ ಟ್ರೈನರ್, ಮೂರು ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ, 2.4 ಗಿಗಾಹರ್ಟ್ಸ್ ರೇಡಿಯೊ. ಮೊದಲಿದ್ದ ಸರ್ವೊಗಳನ್ನು (ರೆಕ್ಕೆ, ಬಾಲದ ಹಲಗೆಗಳನ್ನು ಆಡಿಸುವ ಪುಟ್ಟ ಮೋಟರ್‌ಗಳು) ತೆಗೆದು ಆರೂ ಕಡೆ ಲೋಹದ ಗಿಯರ್‌ನ ಡಿಜಿಟಲ್ ಸರ್ವೊ ಹಾಕಿದ್ದೇನೆ. ಆಮೇಲೆ ಎರಡು ಸಲ, ಸುಮಾರು 150 ಮೀಟರ್ ದೂರದಲ್ಲಿ, ಫ್ಲ್ಯಾಪ್ (ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಹಿಂದಿನ ಹಲಗೆ) ಇಳಿಸಿ ಲ್ಯಾಂಡಿಂಗ್‌ಗೆ ತಿರುಗಿಸುವಾಗ ಒಂದೆರಡು ಸೆಕೆಂಡ್ ವಿಮಾನ ಸ್ಟಿಕ್‌ನ ಮಾತು ಕೇಳಲೇ ಇಲ್ಲ. ಒಬ್ಬ ಗೆಳೆಯರು ರೇಡಿಯೊಗೆ 1 ವಾಟ್ ಬಲದ ಸಿಗ್ನಲ್ ಕಳಿಸುವ ಮಾಡ್ಯೂಲ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು 915 ಮೆಗಾಹರ್ಟ್ಸ್‌ಗೆ ಹೋಗಿ ಎನ್ನುತ್ತಾರೆ, ಮೂರನೆಯವರು ಜೈರೊ (ವಿಮಾನ ತಿರುಗುವುದನ್ನು ಅಳೆಯುವ ಸೆನ್ಸರ್), ಜಿಪಿಎಸ್ ಹಾಕಿದರೆ ತಾನೇ ವಾಪಸ್ ಬರುತ್ತದೆ ಎನ್ನುತ್ತಾರೆ. ನನಗೆ ಬೇಕಾದದ್ದು ಯಾವುದು?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಮೂರೂ ಬೇಡ. ಮುಂದಿನ ಸಲ ಹಾರಿಸುವ ಮೊದಲು ಮನೆಯಲ್ಲೇ, ಮೇಜಿನ ಮೇಲೆ, ಅರ್ಧ ಗಂಟೆಯ ಕೆಲಸವಿದೆ. ನಿಮ್ಮ ವಿಮಾನಕ್ಕೆ ಸಿಗ್ನಲ್ ತಪ್ಪಿತು ಅನ್ನುವುದಕ್ಕಿಂತ ಅದರ ರಿಸೀವರ್‌ಗೆ ಕರೆಂಟ್ ತಪ್ಪಿತು ಅನ್ನುವ ಅನುಮಾನವೇ ನನಗೆ ಬಲವಾಗಿದೆ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಸರ್ವೊ ಬದಲಾಯಿಸಿದ ಮೇಲೆ ತೊಂದರೆ ಶುರುವಾಗಿದೆ. ಎರಡೂ ಸಲ ಫ್ಲ್ಯಾಪ್ ಇಳಿಯುತ್ತಿತ್ತು, ಅದೇ ಹೊತ್ತಿಗೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲೆರಾನ್, ಮೂಗನ್ನು ಏರಿಳಿಸುವ ಎಲಿವೇಟರ್ ಕೂಡ ಕೆಲಸ ಮಾಡುತ್ತಿದ್ದವು. ಅಂದರೆ ಆರು ಸರ್ವೊಗಳೂ ಒಟ್ಟಿಗೆ ಕರೆಂಟ್ ಎಳೆದ ಗಳಿಗೆ ಅದು.

ಹಳಬರೆಲ್ಲ ಮೊದಲು ರೇಡಿಯೊವನ್ನೇ ಅನುಮಾನಿಸುವುದು ಸಹಜ, ಏಕೆಂದರೆ ಆಗ ನಿಜಕ್ಕೂ ತಪ್ಪು ರೇಡಿಯೊದ್ದೇ ಇರುತ್ತಿತ್ತು. 72 ಮೆಗಾಹರ್ಟ್ಸ್ ಪಟ್ಟಿಯಲ್ಲಿ (ಬ್ಯಾಂಡ್) ಚಾನೆಲ್‌ಗಳ ನಡುವೆ ಬರೀ 20 ಕಿಲೊಹರ್ಟ್ಸ್ ಅಂತರ. ಮೈದಾನದಲ್ಲಿ ಇನ್ನೊಬ್ಬರು ಅದೇ ಕ್ರಿಸ್ಟಲ್ ಇಟ್ಟುಕೊಂಡು ಸ್ವಿಚ್ ಒತ್ತಿದರೆ ನಿಮ್ಮ ವಿಮಾನದ ಕಥೆ ಮುಗಿಯಿತು. ಅದಕ್ಕೇ ಬೋರ್ಡಿನಿಂದ ತಮ್ಮ ಚಾನೆಲ್‌ನ ಪಿನ್ ತೆಗೆದುಕೊಳ್ಳದೆ ಯಾರೂ ರೇಡಿಯೊ ಆನ್ ಮಾಡುವಂತಿರಲಿಲ್ಲ. 2005-06ರಲ್ಲಿ ಸ್ಪೆಕ್ಟ್ರಮ್ ಕಂಪನಿಯ ಡಿಎಕ್ಸ್6, ಡಿಎಕ್ಸ್7 ರೇಡಿಯೊಗಳ ಮೂಲಕ 2.4 ಗಿಗಾಹರ್ಟ್ಸ್ ಈ ಹವ್ಯಾಸದೊಳಗೆ ಬಂತು, ಫುಟಾಬಾದಂಥ ಹಳೆಯ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ಪ್ರತಿ ಟ್ರಾನ್ಸ್‌ಮಿಟರ್‌ಗೂ ಒಂದು ಗುರುತು ಸಂಖ್ಯೆ ಇರುತ್ತದೆ. ಬೈಂಡ್ ಮಾಡುವಾಗ, ಅಂದರೆ ಎರಡನ್ನೂ ಜೋಡಿ ಮಾಡುವಾಗ, ರಿಸೀವರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಬೇರೆಯವರ ಆಜ್ಞೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೆಚ್ಚಿನ ರೇಡಿಯೊಗಳು ಒಂದೇ ಆವರ್ತನದಲ್ಲಿ (ಫ್ರೀಕ್ವೆನ್ಸಿ) ನಿಲ್ಲದೆ ಪಟ್ಟಿಯ ಉದ್ದಕ್ಕೂ ಜಿಗಿಯುತ್ತಲೇ ಇರುತ್ತವೆ.

ಇದರ ಜೊತೆಗೇ ಇನ್ನೊಂದು ಬದಲಾವಣೆಯಾಯಿತು, ಅದರ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಹಳೆಯ ರೇಡಿಯೊದಲ್ಲಿ ಸಿಗ್ನಲ್ ಕ್ಷೀಣಿಸಿದರೆ ಸರ್ವೊ ನಡುಗುತ್ತಿತ್ತು, ರೆಕ್ಕೆ ಒಮ್ಮೆ ಅದುರುತ್ತಿತ್ತು. ಅದು ಎಚ್ಚರಿಕೆ, ನೀವು ವಿಮಾನವನ್ನು ಹತ್ತಿರಕ್ಕೆ ತಿರುಗಿಸುತ್ತಿದ್ದಿರಿ. ಡಿಜಿಟಲ್ ರೇಡಿಯೊದಲ್ಲಿ ಬಂದ ಪ್ರತಿ ಪ್ಯಾಕೆಟ್‌ನ (ಆಜ್ಞೆಗಳ ಪುಟ್ಟ ಕಟ್ಟು) ತಾಳೆ ನೋಡಲಾಗುತ್ತದೆ, ಸರಿಯಿದ್ದರೆ ಸರ್ವೊಗೆ ಹೋಗುತ್ತದೆ, ಇಲ್ಲವಾದರೆ ಎಸೆಯಲಾಗುತ್ತದೆ. ಹಾಗಾಗಿ ಕೊನೆಯ ಗಳಿಗೆಯವರೆಗೂ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಒಮ್ಮೆಲೇ ಏನೂ ಇರುವುದಿಲ್ಲ. ಆ ಹಳೆಯ ನಡುಕದ ಜಾಗವನ್ನು ಈಗ ತುಂಬಬೇಕಾದದ್ದು ಟೆಲಿಮೆಟ್ರಿ. ವಿಮಾನವೇ ತನ್ನ ಸಿಗ್ನಲ್ ಗುಣಮಟ್ಟ, ರಿಸೀವರ್‌ನ ವೋಲ್ಟೇಜ್, ಬ್ಯಾಟರಿಯ ಸ್ಥಿತಿಯನ್ನು ನಿಮ್ಮ ಕೈಗೆ ವಾಪಸ್ ಕಳಿಸುವ ವ್ಯವಸ್ಥೆ ಅದು. ಈ ಹವ್ಯಾಸಕ್ಕೆ ಬಂದ ಹೊಸ ತಂತ್ರಜ್ಞಾನದಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯ ಅನ್ನಿಸುವುದು ಇದೇ. ಕೊಳ್ಳುವವರು ಕೇಳುವುದು ಮಾತ್ರ ವಾಟ್ ಎಷ್ಟು ಎಂದು.

ವಾಟ್‌ನ ಲೆಕ್ಕವನ್ನೂ ಮಾಡಿಬಿಡೋಣ. 100 ಮಿಲಿವಾಟ್‌ನ ರೇಡಿಯೊದಿಂದ ಬಯಲಿನಲ್ಲಿ 150 ಮೀಟರ್ ದೂರಕ್ಕೆ ತಲುಪುವ ಸಿಗ್ನಲ್ ಸುಮಾರು ಮೈನಸ್ 64 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ). ರಿಸೀವರ್ ಮೈನಸ್ 95ರವರೆಗೆ ಕೆಲಸ ಮಾಡುತ್ತದೆ ಎಂದು ಇಟ್ಟುಕೊಂಡರೂ ನಡುವೆ 31 ಡೆಸಿಬೆಲ್ ಉಳಿಯಿತು. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು, ಅಂದರೆ ಬೇಕಾದದ್ದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಬಲ ಅಲ್ಲಿ ಮೊದಲೇ ಇದೆ. ಇಷ್ಟಿದ್ದೂ ಕೈತಪ್ಪಿದೆ ಎಂದಾದರೆ ಅದರ ಮೇಲೆ ಇನ್ನೊಂದು ಹತ್ತು ಪಟ್ಟು ಸುರಿದು ಫಲವಿಲ್ಲ. ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕನೇ ಒಂದಕ್ಕೆ ಇಳಿಯುವುದರಿಂದ, 100 ಮಿಲಿವಾಟ್‌ನಿಂದ 1 ವಾಟ್‌ಗೆ ಹೋದರೆ ಸಿಗುವ ದೂರವೂ ಮೂರು ಪಟ್ಟು ಚಿಲ್ಲರೆ ಅಷ್ಟೆ. ಫೋಮ್ ಟ್ರೈನರ್ ಅಷ್ಟು ದೂರ ಹೋದರೆ ಯಾವ ಕಡೆ ಮುಖ ಮಾಡಿದೆ ಎಂದು ಕಣ್ಣಿಗೇ ತಿಳಿಯುವುದಿಲ್ಲ.

ಈಗ ಕರೆಂಟ್‌ನ ವಿಷಯ. ಮೋಟರ್‌ನ ವೇಗ ನಿಯಂತ್ರಿಸುವ ನಿಮ್ಮ ಇಎಸ್‌ಸಿಯೊಳಗೆ ಬಿಇಸಿ ಎಂಬ ಭಾಗವಿದೆ. ಲಿಪೊದ 12.6 ವೋಲ್ಟ್ ಅನ್ನು 5 ವೋಲ್ಟ್‌ಗೆ ಇಳಿಸಿ ರಿಸೀವರ್‌ಗೂ ಸರ್ವೊಗಳಿಗೂ ಕೊಡುವುದು ಅದರ ಕೆಲಸ. ಅಗ್ಗದ, ಸಣ್ಣ ಇಎಸ್‌ಸಿಗಳಲ್ಲಿ ಅದು ಲೀನಿಯರ್ ಬಗೆಯದು, ಮಿಕ್ಕ 7.6 ವೋಲ್ಟ್ ಅನ್ನು ಬಿಸಿಯಾಗಿ ಸುಟ್ಟುಬಿಡುತ್ತದೆ. ಸರ್ವೊಗಳು ಒಂದು ಆಂಪಿಯರ್ ಎಳೆದರೆ 7.6 ವಾಟ್ ಶಾಖ, ಎರಡು ಎಳೆದರೆ 15 ವಾಟ್ ದಾಟುತ್ತದೆ. ಫೋಮ್ ಹೊಟ್ಟೆಯೊಳಗೆ, ಗಾಳಿ ಆಡದ ಕಡೆ, ಬೆರಳಗಲದ ಬೋರ್ಡಿಗೆ ಅದು ತಡೆಯಲಾಗದ ಬಿಸಿ. ಅದಕ್ಕೇ ಇಂಥ ಇಎಸ್‌ಸಿಗಳ ಕೈಪಿಡಿಯಲ್ಲಿ ಮೂರು ಸೆಲ್ ಬ್ಯಾಟರಿಗೆ ನಾಲ್ಕು ಸಣ್ಣ ಸರ್ವೊ ಸಾಕು ಎಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ನಿಮ್ಮಲ್ಲಿ ಆರಿವೆ, ಅವೂ ಡಿಜಿಟಲ್. ಗಾಳಿಯ ಒತ್ತಡಕ್ಕೆ ಎದುರಾಗಿ ನಿಲ್ಲಬೇಕಾದಾಗ ಡಿಜಿಟಲ್ ಸರ್ವೊ ಒಂದೊಂದೂ ಒಂದು ಆಂಪಿಯರ್‌ನ ಆಸುಪಾಸು ಎಳೆಯಬಲ್ಲದು. ಆಗ 5 ವೋಲ್ಟ್ ಕುಸಿಯುತ್ತದೆ. ಸುಮಾರು 3.5 ವೋಲ್ಟ್‌ಗಿಂತ ಕೆಳಗೆ ಹೋದರೆ ಬಹಳಷ್ಟು ರಿಸೀವರ್‌ಗಳು ಆಫ್ ಆಗಿ ಮತ್ತೆ ಆನ್ ಆಗುತ್ತವೆ, ಟ್ರಾನ್ಸ್‌ಮಿಟರ್ ಅನ್ನು ಮತ್ತೆ ಹುಡುಕುತ್ತವೆ. ನಿಮಗೆ ಕಾಣೆಯಾದ ಒಂದೆರಡು ಸೆಕೆಂಡ್ ಆ ಹುಡುಕಾಟದ್ದು ಎಂದು ನನ್ನ ಊಹೆ. ಹವ್ಯಾಸಿಗಳು ಇದನ್ನು ಬ್ರೌನ್‌ಔಟ್ ಎನ್ನುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಮೊದಲು ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕಿಡಿ. ಮಗಳು ಪಕ್ಕದಲ್ಲಿರುವಾಗ ಇದನ್ನು ಮರೆಯಲೇಬೇಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಟೆಲಿಮೆಟ್ರಿಯಲ್ಲಿ ರಿಸೀವರ್ ವೋಲ್ಟೇಜ್ ತೆರೆದಿಡಿ. ಎರಡು ನಿಮಿಷ ಎರಡೂ ಸ್ಟಿಕ್‌ಗಳನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತ, ನಡುನಡುವೆ ಫ್ಲ್ಯಾಪ್ ಇಳಿಸಿ ಏರಿಸಿ. ಒಬ್ಬರು ಸ್ಟಿಕ್ ಆಡಿಸುವಾಗ ಇನ್ನೊಬ್ಬರು ಐಲೆರಾನ್‌ಗಳನ್ನು ಬೆರಳಿನಿಂದ ಮೆಲ್ಲಗೆ ತಡೆದರೆ ಗಾಳಿಯಲ್ಲಿ ಬೀಳುವ ಹೊರೆಯ ಅಂದಾಜು ಸಿಗುತ್ತದೆ. ಕನಿಷ್ಠ ವೋಲ್ಟೇಜ್ 4.5ಕ್ಕಿಂತ ಕೆಳಗೆ ಇಳಿದರೆ ಕಳ್ಳ ಸಿಕ್ಕಿದ. ನಿಮ್ಮ ರೇಡಿಯೊದಲ್ಲಿ ಎಡ್ಜ್‌ಟಿಎಕ್ಸ್ ಎಂಬ ತಂತ್ರಾಂಶ ಓಡುತ್ತಿದ್ದರೆ ಇವೆಲ್ಲ ಎಸ್‌ಡಿ ಕಾರ್ಡಿನಲ್ಲಿ ದಾಖಲಾಗುವಂತೆ ಮಾಡಬಹುದು, ಹಾರಾಟದ ನಂತರ ಕಂಪ್ಯೂಟರಿನಲ್ಲಿ ತೆರೆದು ಯಾವ ಸೆಕೆಂಡಿನಲ್ಲಿ ಏನಾಯಿತು ಎಂದು ನೋಡಬಹುದು. ಟೆಲಿಮೆಟ್ರಿಯೇ ಇಲ್ಲದ ರಿಸೀವರ್ ಆದರೆ ಖಾಲಿ ಇರುವ ಚಾನೆಲ್‌ಗೆ ಸಿಕ್ಕಿಸುವ ಸಣ್ಣ ವೋಲ್ಟ್‌ಮೀಟರ್ ಸಾಕು.

ಮದ್ದು ಸುಲಭ: 5 ಆಂಪಿಯರ್‌ನ ಪ್ರತ್ಯೇಕ ಸ್ವಿಚಿಂಗ್ ಬಿಇಸಿ. ಇದು ಹೆಚ್ಚುವರಿ ವೋಲ್ಟೇಜನ್ನು ಸುಡುವುದಿಲ್ಲ, ಅತಿವೇಗದಲ್ಲಿ ಆನ್ ಆಫ್ ಮಾಡುತ್ತ ಇಳಿಸುತ್ತದೆ, ಆದ್ದರಿಂದ ಅಷ್ಟು ಬಿಸಿಯಾಗುವುದಿಲ್ಲ. ಬೆಲೆಯೂ 1 ವಾಟ್ ಮಾಡ್ಯೂಲಿಗಿಂತ ಬಹಳ ಕಡಿಮೆ. ಅದನ್ನು ಬ್ಯಾಟರಿಗೂ ರಿಸೀವರ್‌ಗೂ ಜೋಡಿಸಿದ ಮೇಲೆ ಇಎಸ್‌ಸಿಯಿಂದ ಬರುವ ಮೂರು ವೈರಿನ ಪ್ಲಗ್‌ನಲ್ಲಿ ಕೆಂಪು ವೈರ್ ಮಾತ್ರ ಹೊರಗೆಳೆದು ಟೇಪ್ ಸುತ್ತಿ. ಎರಡು ಬಿಇಸಿಗಳು ಒಂದೇ ರಿಸೀವರ್‌ಗೆ ಉಣಿಸಬಾರದು. ಸರ್ವೊ 6 ವೋಲ್ಟ್ ತಡೆಯುತ್ತದೆಯೇ ಎಂದು ನೋಡದೆ ಬಿಇಸಿಯನ್ನು 6ಕ್ಕೆ ಏರಿಸಬೇಡಿ.

ವೋಲ್ಟೇಜ್ ಅಲುಗಾಡದಿದ್ದರೆ ಆಂಟೆನಾ ಕಡೆ ನೋಡಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂಟಿಮೀಟರ್. ರಿಸೀವರ್‌ನಿಂದ ಹೊರಟ ತೆಳು ವೈರಿನ ತುದಿಯಲ್ಲಿ ಹೊದಿಕೆ ಸುಲಿದ ಸುಮಾರು 31 ಮಿಲಿಮೀಟರ್, ಅಂದರೆ ಅದರ ಕಾಲುಭಾಗ, ಅಷ್ಟೇ ನಿಜವಾದ ಆಂಟೆನಾ. ಉಳಿದದ್ದು ಬರೀ ಕೇಬಲ್. ಆಂಟೆನಾದ ಸುತ್ತ ಸಿಗ್ನಲ್ ಹರಡುವುದು ಉದ್ದಿನವಡೆಯ ಆಕಾರದಲ್ಲಿ, ಆಂಟೆನಾ ತೂತಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಬದಿಗಳಿಗೆ ಪೂರ್ತಿ ಬಲ, ತುದಿ ತೋರಿಸುವ ದಿಕ್ಕಿಗೆ ಹೆಚ್ಚುಕಡಿಮೆ ಏನೂ ಇಲ್ಲ. ವಿಮಾನ ತಿರುಗುವಾಗ ಆಂಟೆನಾ ನಿಮ್ಮತ್ತ ತುದಿ ಮಾಡಿದರೆ 20 ಡೆಸಿಬೆಲ್ ಸುಲಭವಾಗಿ ಹೋಗುತ್ತದೆ. ನಡುವೆ ಲಿಪೊ ಅಥವಾ ಮೋಟರ್ ಅಡ್ಡ ಬಂದರೆ ಮೇಲೆ ಹೇಳಿದ 31ರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆದ್ದರಿಂದ ಎರಡು ಆಂಟೆನಾ ಇರುವ ರಿಸೀವರ್ ತೆಗೆದುಕೊಳ್ಳಿ, ಒಂದಕ್ಕೊಂದು ಲಂಬಕೋನದಲ್ಲಿ, ಬ್ಯಾಟರಿ ಮತ್ತು ಕಾರ್ಬನ್ ಫೈಬರ್ ಸರಳಿನಿಂದ ದೂರ ಅಂಟಿಸಿ. ಕಾರ್ಬನ್ ಫೈಬರ್ ಈ ಅಲೆಗಳಿಗೆ ಗೋಡೆ. ನಿಮ್ಮ ಕೈಯಲ್ಲಿರುವ ರೇಡಿಯೊದ ಆಂಟೆನಾವನ್ನೂ ವಿಮಾನದತ್ತ ಗುರಿ ಹಿಡಿಯಬೇಡಿ, ಅಡ್ಡಲಾಗಿ ಅಥವಾ ನೆಟ್ಟಗೆ ಇರಲಿ. ಆಮೇಲೆ ಕೈಪಿಡಿಯಲ್ಲಿರುವ ರೇಂಜ್ ಚೆಕ್ ಮಾಡಿ. ರೇಡಿಯೊ ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ನೀವು ಕೈಪಿಡಿ ಹೇಳಿದಷ್ಟು ದೂರ, ಸಾಮಾನ್ಯವಾಗಿ ಮೂವತ್ತು ಮೀಟರ್ ಆಸುಪಾಸು, ನಡೆಯಬೇಕು. ಮಗಳು ವಿಮಾನವನ್ನು ಹಿಡಿದು ಎಲ್ಲ ದಿಕ್ಕಿಗೂ ತಿರುಗಿಸಲಿ, ಹೊಟ್ಟೆ ನಿಮ್ಮತ್ತ, ಬಾಲ ನಿಮ್ಮತ್ತ. ನೆಲದಲ್ಲಿಟ್ಟು ಒಂದೇ ಭಂಗಿಯಲ್ಲಿ ಮಾಡುವ ರೇಂಜ್ ಚೆಕ್ ಅರ್ಧ ಪರೀಕ್ಷೆ ಮಾತ್ರ.

ನಿಮ್ಮ ಗೆಳೆಯರು ಹೇಳುವ ಹೊಸ ಮಾಡ್ಯೂಲ್ ಬಹುಶಃ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್. ಹವ್ಯಾಸಿಗಳೇ ಸೇರಿ ಬರೆದ, ಮುಕ್ತವಾಗಿ ಸಿಗುವ ತಂತ್ರಾಂಶ ಅದು. ಸೆಮ್‌ಟೆಕ್ ಕಂಪನಿಯ, ದೂರಕ್ಕೆ ತಲುಪುವ ಲೋರಾ ರೇಡಿಯೊ ಚಿಪ್‌ಗಳ ಮೇಲೆ ಓಡುತ್ತದೆ. ನನಗೆ ಅದರ ಮೇಲೆ ತುಂಬ ಗೌರವವಿದೆ, ಮುಂದೊಂದು ದಿನ ರೇಡಿಯೊ ಬದಲಾಯಿಸುವುದಾದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಆದರೆ ಅದರಲ್ಲೂ ವಾಟ್‌ಗಿಂತ ಮುಖ್ಯವಾದ ಒಂದು ಆಯ್ಕೆ ಇದೆ: ಸೆಕೆಂಡಿಗೆ ಎಷ್ಟು ಪ್ಯಾಕೆಟ್. 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 500 ಪ್ಯಾಕೆಟ್ ಕಳಿಸಿದರೆ ರಿಸೀವರ್ ಮೈನಸ್ 105 ಡಿಬಿಎಂವರೆಗೆ ಹಿಡಿಯುತ್ತದೆ, 50ಕ್ಕೆ ಇಳಿಸಿದರೆ ಮೈನಸ್ 115ರವರೆಗೆ. ನಿಧಾನವಾಗಿ ಹೇಳಿದ್ದು ದೂರಕ್ಕೆ ತಲುಪುತ್ತದೆ. ಈ 10 ಡೆಸಿಬೆಲ್ 100 ಮಿಲಿವಾಟ್‌ನಿಂದ 1 ವಾಟ್‌ಗೆ ಹೋದಾಗ ಸಿಗುವಷ್ಟೇ ಲಾಭ, ಮೆನುವಿನಲ್ಲಿ ಒಂದು ಸಾಲು ಬದಲಾಯಿಸಿದರೆ ಪುಕ್ಕಟೆ ಸಿಗುತ್ತದೆ. 500 ಪ್ಯಾಕೆಟ್ ಬೇಕಾಗುವುದು ಗೇಟುಗಳ ನಡುವೆ ನುಗ್ಗುವ ರೇಸಿಂಗ್ ಡ್ರೋನ್‌ಗೆ. ಅನಲಾಗ್ ಸರ್ವೊಗಂತೂ ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ, ಹೇಳಿದರೆ ಸಾಕು. ಟ್ರೈನರ್‌ಗೆ 50 ಅಥವಾ 150 ಧಾರಾಳ.

915 ಮೆಗಾಹರ್ಟ್ಸ್ ಸಲಹೆಯನ್ನು ದಯವಿಟ್ಟು ಕೈಬಿಡಿ. ಆ ಮಾಡ್ಯೂಲ್‌ಗಳು ಅಮೆರಿಕದ ಪಟ್ಟಿಗೆ, ಅಂದರೆ 902ರಿಂದ 928 ಮೆಗಾಹರ್ಟ್ಸ್‌ಗೆ ಮಾಡಿದವು. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನಿನಿಂದ ಟವರಿಗೆ ಹೋಗುವ ಪಟ್ಟಿ. ನೀವು ಆಕಾಶದತ್ತ ಕಳಿಸುವ ಜಿಗಿತದ ಸಿಗ್ನಲ್ ನೇರವಾಗಿ ಅದರೊಳಗೆ ಬೀಳುತ್ತದೆ. ಅದು ಕಾನೂನಿಗೂ ವಿರುದ್ಧ, ಆ ಟವರಿನ ಮೂಲಕ ಕರೆ ಮಾಡುತ್ತಿರುವವರಿಗೂ ತೊಂದರೆ. ಕಡಿಮೆ ಆವರ್ತನವೇ ಬೇಕೆಂದರೆ ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868 ಮೆಗಾಹರ್ಟ್ಸ್. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ಭಾರತಕ್ಕೆಂದೇ 866 ಎಂಬ ಆಯ್ಕೆ ಇದೆ. ನಿಮಗೆ ಅದರ ಅಗತ್ಯವೂ ಇಲ್ಲ.

ಯಾವ ರೇಡಿಯೊ ಇದ್ದರೂ ಫೇಲ್‌ಸೇಫ್ ಮಾತ್ರ ಇವತ್ತೇ ನೋಡಿ. ಸಿಗ್ನಲ್ ಹೋದಾಗ ರಿಸೀವರ್ ಏನು ಮಾಡಬೇಕು ಎಂದು ಮೊದಲೇ ಹೇಳಿಡುವುದು ಅದು. ಕೊನೆಯ ಸ್ಥಿತಿಯನ್ನೇ ಹಿಡಿದುಕೊಳ್ಳುವ ಹಾಗೆ ಬಿಟ್ಟಿದ್ದರೆ ಪೂರ್ತಿ ಥ್ರಾಟಲ್‌ನಲ್ಲಿ ಕೈತಪ್ಪಿದ ವಿಮಾನ ಪೂರ್ತಿ ಥ್ರಾಟಲ್‌ನಲ್ಲೇ ಹೋಗಿ ಯಾರಿಗಾದರೂ ಬಡಿಯುತ್ತದೆ. ಮೋಟರ್ ನಿಲ್ಲಬೇಕು, ಉಳಿದ ಸರ್ವೊಗಳು ನಡುಸ್ಥಿತಿಗೆ ಅಥವಾ ಸ್ವಲ್ಪ ತಿರುವಿಗೆ ಹೋಗಬೇಕು. ಪ್ರೊಪೆಲ್ಲರ್ ಬಿಚ್ಚಿ, ಮೋಟರ್ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಕಣ್ಣಾರೆ ನೋಡಿ. ಹೊಸದಾಗಿ ಬೈಂಡ್ ಮಾಡಿದಾಗಲೆಲ್ಲ ಮತ್ತೆ ನೋಡಿ, ಕೆಲವು ರೇಡಿಯೊಗಳಲ್ಲಿ ಬೈಂಡ್ ಮಾಡುವಾಗ ಸ್ಟಿಕ್ ಎಲ್ಲಿತ್ತೋ ಅದೇ ಫೇಲ್‌ಸೇಫ್ ಆಗಿಬಿಡುತ್ತದೆ.

ಜೈರೊ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದು ಬೇಕು, ಆದರೆ ನಿಮ್ಮ ಈಗಿನ ತೊಂದರೆಗೆ ಮದ್ದಾಗಿ ಅಲ್ಲ. ಚಿಪ್‌ನೊಳಗೆ ಕಂಪಿಸುತ್ತಿರುವ ಸೂಕ್ಷ್ಮ ಸಿಲಿಕಾನ್ ರಚನೆ ವಿಮಾನ ತಿರುಗಿದ ಕೂಡಲೇ ಪಕ್ಕಕ್ಕೆ ವಾಲುತ್ತದೆ, ಅದನ್ನು ಅಳೆದು ಸರ್ವೊಗೆ ತಿದ್ದುಪಡಿ ಹೋಗುತ್ತದೆ. ಈ ಸೆನ್ಸರ್‌ಗಳನ್ನು ಅಗ್ಗವಾಗಿಸಿದ್ದು ಫೋನ್ ಮತ್ತು ಆಟಿಕೆಗಳ ಉದ್ಯಮ. 2010ರ ಸುಮಾರಿಗೆ ಫ್ರಾನ್ಸಿನ ಹವ್ಯಾಸಿಯೊಬ್ಬರು ನಿಂಟೆಂಡೊ ವೀ ಆಟದ ರಿಮೋಟ್‌ಗೆ ಸಿಕ್ಕಿಸುವ ಉಪಕರಣಗಳನ್ನು ಬಿಚ್ಚಿ, ಅವುಗಳ ಸೆನ್ಸರ್‌ಗಳನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ಮಲ್ಟಿವೀ ಎಂಬ ತಂತ್ರಾಂಶ ಬರೆದರು. ಹಾರಾಟ ನಿಯಂತ್ರಿಸುವ ಇವತ್ತಿನ ತಂತ್ರಾಂಶಗಳಾದ ಬೀಟಾಫ್ಲೈಟ್, ಐನ್ಯಾವ್ ಎರಡೂ ಅದೇ ವಂಶದವು. ದುಡ್ಡಿಗಾಗಿ ಅಲ್ಲದೆ ಹಂಚಿಕೊಂಡ ಕೆಲಸ ಎಷ್ಟು ದೂರ ಬಂತು ಎಂದು ನೋಡಿದಾಗ ನನಗೆ ಈಗಲೂ ಹೆಮ್ಮೆ ಅನ್ನಿಸುತ್ತದೆ.

ದಾವಣಗೆರೆಯ ಬಯಲಿನ ಮಧ್ಯಾಹ್ನದ ಗಾಳಿಯಲ್ಲಿ ಒಂದು ಕಿಲೊ ತೂಗುವ ಫೋಮ್ ವಿಮಾನವನ್ನು ಜೈರೊ ಚೆನ್ನಾಗಿ ಹಿಡಿದಿಡುತ್ತದೆ. ಎರಡು ರೀತಿ ಇವೆ. ರೇಟ್ ಮೋಡ್‌ನಲ್ಲಿ ಅದು ಗಾಳಿಯ ಹೊಡೆತವನ್ನು ಮಾತ್ರ ತಣಿಸುತ್ತದೆ, ಹಾರಿಸುವವರು ನೀವೇ. ಸೆಲ್ಫ್ ಲೆವೆಲ್‌ನಲ್ಲಿ ಸ್ಟಿಕ್ ಬಿಟ್ಟರೆ ರೆಕ್ಕೆ ತಾನೇ ಸಮವಾಗುತ್ತದೆ. ಮಗಳಿಗೆ ಮೊದಲ ದಿನಗಳಲ್ಲಿ ಸೆಲ್ಫ್ ಲೆವೆಲ್ ಕೊಡಿ, ಧೈರ್ಯ ಬಂದ ಮೇಲೆ ರೇಟ್, ಆಮೇಲೆ ಆಫ್. ಮೂರನ್ನೂ ಒಂದೇ ಸ್ವಿಚ್‌ನಲ್ಲಿ ಇಡಿ. ಆದರೆ ವಿಮಾನದ ಸಿಜಿ (ಗುರುತ್ವ ಕೇಂದ್ರ) ಮತ್ತು ಟ್ರಿಮ್ (ಸ್ಟಿಕ್ ಬಿಟ್ಟರೂ ನೇರ ಹಾರುವಂತೆ ಮಾಡುವ ಹೊಂದಿಕೆ) ಸರಿಯಾಗುವವರೆಗೆ ಜೈರೊ ಆಫ್ ಇರಲಿ. ಹಿಂದಕ್ಕೆ ತೂಕ ಬಿದ್ದ ವಿಮಾನವನ್ನು ಜೈರೊ ಎಷ್ಟು ಚೆನ್ನಾಗಿ ಮುಚ್ಚಿಡುತ್ತದೆ ಎಂದರೆ ವೇಗ ಇಳಿದು ಸ್ಟಾಲ್ ಆಗುವವರೆಗೂ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವವರೆಗೂ, ನಿಮಗೆ ತಿಳಿಯುವುದಿಲ್ಲ. ತಿಳಿಯುವುದು ಲ್ಯಾಂಡಿಂಗ್ ಹೊತ್ತಿನಲ್ಲಿ, ತಿದ್ದಿಕೊಳ್ಳಲು ಎತ್ತರವೇ ಇಲ್ಲದಾಗ.

ಜೈರೊ ಹಾಕಿದ ದಿನ ಅತಿ ಹೆಚ್ಚು ವಿಮಾನ ಬೀಳುವುದು ಒಂದೇ ಕಾರಣಕ್ಕೆ, ದಿಕ್ಕು ತಿರುವುಮುರುವು ಆಗಿರುತ್ತದೆ. ಸ್ಟಿಕ್ ಸರಿಯಾಗಿ ಕೆಲಸ ಮಾಡುತ್ತದೆ ಎಂದ ಮಾತ್ರಕ್ಕೆ ಜೈರೊ ಸರಿಯಿದೆ ಎಂದಲ್ಲ. ವಿಮಾನವನ್ನು ಕೈಯಲ್ಲಿ ಹಿಡಿದು ಮೂಗನ್ನು ತಟ್ಟನೆ ಕೆಳಗೆ ಬಾಗಿಸಿ, ಎಲಿವೇಟರ್ ಮೇಲಕ್ಕೆ ಏಳಬೇಕು. ಬಲರೆಕ್ಕೆ ಇಳಿಸಿದರೆ ಬಲ ಐಲೆರಾನ್ ಕೆಳಗೆ, ಎಡದ್ದು ಮೇಲೆ. ಮೂಗನ್ನು ಎಡಕ್ಕೆ ತಿರುಗಿಸಿದರೆ ಬಾಲದ ನೆಟ್ಟಗಿನ ಹಲಗೆ ರಡರ್ ಬಲಕ್ಕೆ. ರೇಟ್ ಮೋಡ್‌ನಲ್ಲಿ ಅಲುಗಾಡಿಸುವಾಗ ಮಾತ್ರ ಚಲಿಸಿ ಮತ್ತೆ ನಡುವಿಗೆ ಬರುತ್ತವೆ, ಸೆಲ್ಫ್ ಲೆವೆಲ್‌ನಲ್ಲಿ ಐಲೆರಾನ್, ಎಲಿವೇಟರ್ ಬಾಗಿಸಿ ಹಿಡಿದಷ್ಟು ಹೊತ್ತೂ ಹಾಗೇ ನಿಲ್ಲುತ್ತವೆ. ಗೇನ್, ಅಂದರೆ ಜೈರೊ ತಿದ್ದುಪಡಿಯ ಪ್ರಮಾಣ, ಕಡಿಮೆಯಿಂದ ಶುರು ಮಾಡಿ. ವೇಗ ಎರಡು ಪಟ್ಟಾದರೆ ಐಲೆರಾನ್‌ನ ಬಲ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ನಿಧಾನ ಹಾರಾಟಕ್ಕೆ ಹದವಾಗಿದ್ದ ಗೇನ್ ಡೈವ್‌ನಲ್ಲಿ ರೆಕ್ಕೆಯನ್ನು ಪಟಪಟ ನಡುಗಿಸುತ್ತದೆ. ಹಾಗಾದರೆ ಥ್ರಾಟಲ್ ಇಳಿಸಿ, ಸ್ವಿಚ್ ಆಫ್ ಮಾಡಿ.

ಮೂರನೆಯ ಗೆಳೆಯರ ಜಿಪಿಎಸ್ ವಾಪಸಾತಿಯೂ ಒಳ್ಳೆಯ ತಂತ್ರಜ್ಞಾನವೇ. ಐನ್ಯಾವ್, ಆರ್ಡುಪೈಲಟ್ ಎರಡೂ ಇದನ್ನು ಚೆನ್ನಾಗಿ ಮಾಡುತ್ತವೆ. ಆದರೆ ಒಮ್ಮೆ ಯೋಚಿಸಿ: ನಿಮ್ಮ ವಿಮಾನದಲ್ಲಿ ಕುಸಿದದ್ದು 5 ವೋಲ್ಟ್ ಆದರೆ, ಅದೇ 5 ವೋಲ್ಟ್‌ನಿಂದ ನಡೆಯುವ ಜೈರೊ, ಜಿಪಿಎಸ್, ಸರ್ವೊ ಎಲ್ಲವೂ ಒಟ್ಟಿಗೆ ಮಲಗುತ್ತವೆ. ಆಗ ವಾಪಸ್ ಕರೆತರಲು ಯಾರೂ ಎಚ್ಚರ ಇರುವುದಿಲ್ಲ. ಮುಂದೆ ಹಾಕುವುದಾದರೂ ಸಿಗ್ನಲ್ ಹೋದಾಗ ಮೊದಲ ಸಲ ಕೆಲಸ ಮಾಡುತ್ತದೆಯೋ ನೋಡೋಣ ಎಂದು ಬಿಡಬೇಡಿ. ಸಾಕಷ್ಟು ಉಪಗ್ರಹ ಸಿಕ್ಕು ಮನೆಯ ಸ್ಥಾನ ದಾಖಲಾದ ಮೇಲೆ, ಒಳ್ಳೆಯ ಎತ್ತರದಲ್ಲಿ, ಸ್ವಿಚ್ ಒತ್ತಿ ಪರೀಕ್ಷಿಸಿ, ಬೇಡವೆನಿಸಿದರೆ ತಕ್ಷಣ ನಿಮ್ಮ ಕೈಗೆ ವಾಪಸ್ ತೆಗೆದುಕೊಳ್ಳಿ. ಇದಿದೆ ಎಂದು ಕಣ್ಣಳತೆ ದಾಟಿ ಹಾರಿಸುವ ಅನುಮತಿಯೂ ಇಲ್ಲ. 2021ರ ಡ್ರೋನ್ ನಿಯಮಗಳಲ್ಲಿ ಮಾಡೆಲ್ ವಿಮಾನಕ್ಕೆ ಸಿಕ್ಕಿರುವ ರಿಯಾಯಿತಿ ಕಣ್ಣಿಗೆ ಕಾಣುವಷ್ಟು ದೂರದ ಹವ್ಯಾಸದ ಹಾರಾಟಕ್ಕೆ ಮಾತ್ರ. ನಿಮ್ಮದು 250 ಗ್ರಾಂನಿಂದ 2 ಕಿಲೊವರೆಗಿನ ಮೈಕ್ರೊ ವರ್ಗ, ವ್ಯಾಪಾರಕ್ಕಲ್ಲದೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿಯ ಒಳಗೆ ಹಾರಿಸಿ. ಹೊಸ ಮೈದಾನಕ್ಕೆ ಹೋಗುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ, ನೋಂದಣಿಯ ಚಾಲ್ತಿ ನಿಯಮವನ್ನೂ ಓದಿಕೊಳ್ಳಿ. ಬೆಂಗಳೂರಿನ ನೆಂಟರ ಮನೆಗೆ ವಿಮಾನ ಒಯ್ಯುವುದಾದರೆ ಇನ್ನೂ ಎಚ್ಚರ: ಎಚ್‌ಎಎಲ್, ಯಲಹಂಕ, ಜಕ್ಕೂರು, ಕೆಂಪೇಗೌಡ ನಿಲ್ದಾಣಗಳ ಸುತ್ತ ನಿರ್ಬಂಧವಿರುವ ಜಾಗ ಬಹಳ.

ಲಿಪೊ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಮೆಥನಾಲ್ ಕಾಲದಿಂದ ಬಂದವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಚೀಟಿಯ ಮೇಲಿನ 30ಸಿ (ಬ್ಯಾಟರಿಯ ಸಾಮರ್ಥ್ಯದ 30 ಪಟ್ಟು ಕರೆಂಟ್) ಅನ್ನು ನಂಬಿದರೆ 2200 ಬ್ಯಾಟರಿ 66 ಆಂಪಿಯರ್ ಕೊಡಬೇಕು, ಎಷ್ಟೋ ಬ್ಯಾಟರಿಗಳು ಕೊಡುವುದಿಲ್ಲ. ಚಾರ್ಜರ್‌ನಲ್ಲಿ ಆಂತರಿಕ ರೋಧ ಅಳೆಯುವ ಸೌಲಭ್ಯವಿದ್ದರೆ ಹೊಸದಾಗಿದ್ದಾಗಲೇ ಅಳೆದು ಬ್ಯಾಟರಿಯ ಮೇಲೆ ಬರೆದಿಡಿ. ಸೆಲ್‌ಗೆ 5 ಮಿಲಿಓಮ್ ಇದ್ದದ್ದು 15 ಆದರೆ, 25 ಆಂಪಿಯರ್ ಎಳೆದಾಗ ಮೂರು ಸೆಲ್‌ಗೆ ಸೇರಿ ಒಂದು ವೋಲ್ಟ್‌ಗಿಂತ ಹೆಚ್ಚು ಒಳಗೇ ಸುಟ್ಟುಹೋಗುತ್ತದೆ. 1ಸಿ, ಅಂದರೆ 2.2 ಆಂಪಿಯರ್‌ನಲ್ಲಿ, ಎದುರಿಗೆ ಕೂತು ಚಾರ್ಜ್ ಮಾಡಿ. ಹಾರಿಸದ ವಾರಗಳಲ್ಲಿ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಉಬ್ಬಿದ್ದನ್ನು ಮತ್ತೆ ಬಳಸಬೇಡಿ.

ಮೊದಲು ಆ ಮೇಜಿನ ಪರೀಕ್ಷೆ ಮಾಡಿ. ವೋಲ್ಟೇಜ್ 4.8ಕ್ಕಿಂತ ಕೆಳಗಿಳಿಯದೆ, ರೇಂಜ್ ಚೆಕ್ ಕೂಡ ಎಲ್ಲ ಭಂಗಿಯಲ್ಲೂ ಸರಿಬಂದರೆ ನನ್ನ ಊಹೆ ತಪ್ಪು ಎಂದಾಯಿತು. ಆಗ ರೇಡಿಯೊ, ರಿಸೀವರ್, ಇಎಸ್‌ಸಿಗಳ ಮಾದರಿಯ ಹೆಸರು, ಆಂಟೆನಾ ಅಂಟಿಸಿದ ರೀತಿಯ ಫೋಟೊ ಮತ್ತು ಒಂದು ಹಾರಾಟದ ಲಾಗ್ ಕಳಿಸಿ. ಸಿಗ್ನಲ್ ಗುಣಮಟ್ಟ ಮೊದಲು ಕುಸಿಯಿತೇ, ವೋಲ್ಟೇಜ್ ಮೊದಲು ಕುಸಿಯಿತೇ ಎಂದು ಅದರಲ್ಲಿ ನೋಡಿ ಹೇಳುತ್ತೇನೆ.